ಹತ್ತು ನಿಮಿಷ ಮುಂದಿದ್ದ ಗಡಿಯಾರ

ಜೇವರ್ಗಿಯ ಮ್ಯಾನೇಜರ್ ನನ್ನ ಅಕ್ಕನನ್ನು ಇಡೀ ಲ್ಯಾಬಿನ ಎದುರಿಗೆ ಸುಳ್ಳುಬುರುಕಿ ಎಂದು ಕರೆದ ಸುದ್ದಿ ನನಗೆ ಆಳಂದದಲ್ಲಿ, ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮುಟ್ಟಿತು. ಡಬ್ಬಿ ಮುಚ್ಚಿಟ್ಟೆ. ಈ ಮನುಷ್ಯನನ್ನು ಬಿಡಬಾರದು ಎಂದು ಕೂತಲ್ಲೇ ತೀರ್ಮಾನಿಸಿದೆ. ಸಿಟ್ಟು ಮರೆಯುವುದು ನನ್ನಿಂದ ಆಗದ ಕೆಲಸ. ಮೂರನೇ ಇಯತ್ತೆಯಲ್ಲಿ ನನ್ನ ಬರೆಯುವ ಪಾಟಿ ಒಡೆದವಳು ಈಗ ಎರಡು ಮಕ್ಕಳ ತಾಯಿ. ಸಂತೆಯಲ್ಲಿ ಎದುರಿಗೆ ಬಂದರೆ ಇವತ್ತಿಗೂ ಮುಖ ತಿರುಗಿಸಿ ಹೋಗುತ್ತೇನೆ. ಒಂದು ಪಾಟಿಗೇ ಇಷ್ಟು, ಇನ್ನು ಅಕ್ಕನ ವಿಷಯ ಕೇಳಬೇಕೆ.

ಅಕ್ಕ, ನಾನು ಇಬ್ಬರೂ ಒಂದೇ ಲ್ಯಾಬಿನವರು. ರಕ್ತ, ಮೂತ್ರ ತಪಾಸಣೆ ಮಾಡುವ ಖಾಸಗಿ ಲ್ಯಾಬು ಅದು. ಆಳಂದ, ಅಫಜಲಪುರ, ಜೇವರ್ಗಿ ಮೂರು ಕಡೆ ಶಾಖೆಗಳಿವೆ. ಮಾಲೀಕರು ಡಾಕ್ಟರು, ಅಫಜಲಪುರದಲ್ಲಿ ಕೂರುತ್ತಾರೆ. ಅಕ್ಕನನ್ನು ಕೊಳಕೂರಿಗೆ ಕೊಟ್ಟದ್ದರಿಂದ ಆಕೆ ಹತ್ತಿರದ ಜೇವರ್ಗಿ ಶಾಖೆಯಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಟೆಕ್ನಿಷಿಯನ್. ನಾನು ಆಳಂದದಲ್ಲಿ ಕೂತು ಮೂರೂ ಕಡೆಯ ಕಂಪ್ಯೂಟರು ಮತ್ತು ಇಂಟರ್ನೆಟ್ ಲೈನು ನೋಡಿಕೊಳ್ಳುವವಳು. ಯಾವ ಊರಿನಲ್ಲಿ ರಿಪೋರ್ಟು ತಡವಾದರೂ ಬೈಗುಳ ನನಗೆ ಬರುತ್ತಿತ್ತು.

ಟೈಮಿನ ವಿಷಯದಲ್ಲಿ ಅಕ್ಕನ ಹಟ ಚಿಕ್ಕಂದಿನದು. ಕಿಣ್ಣಿ ಸುಲ್ತಾನದ ನಮ್ಮ ಮನೆಯ ಗೋಡೆ ಗಡಿಯಾರ ಹತ್ತು ನಿಮಿಷ ಮುಂದೆ ಓಡುತ್ತಿತ್ತು. ಆಳಂದದ ಬಸ್ಸು ತಪ್ಪಬಾರದೆಂದು ಅಪ್ಪ ಬೇಕಂತಲೇ ಹಾಗೆ ಇಟ್ಟದ್ದು. ನಮ್ಮ ಮನೆಯೊಂದೇ ಅಲ್ಲ, ನಮ್ಮ ಕಡೆ ಎಷ್ಟೋ ಮನೆ, ಅಂಗಡಿ, ಆಫೀಸುಗಳ ಗೋಡೆ ಗಡಿಯಾರಗಳು ಹೀಗೆ ಐದೋ ಹತ್ತೋ ನಿಮಿಷ ಮುಂದಿರುತ್ತವೆ. ಅದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದ ನೋಡಿದವರೆಲ್ಲ ಮನಸ್ಸಿನಲ್ಲೇ ಹತ್ತು ಕಳೆದುಕೊಂಡು ಮೊದಲಿನಷ್ಟೇ ನಿಧಾನವಾಗಿ ಹೊರಡುತ್ತಾರೆ. ಹಾಗಾದರೆ ಮುಂದೆ ಇಟ್ಟು ಬಂದ ಭಾಗ್ಯವೇನು ಎಂದು ನಾನು ಕೇಳಿದರೆ ಅವ್ವ, "ಇರ್ಲಿ ಬಿಡು, ಕೈಯಾಗ ಜರಾ ಟೈಮ್ ಇದ್ದಂಗ ಅನಸ್ತದ" ಅನ್ನುತ್ತಿದ್ದಳು. ಅಕ್ಕನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಕುರ್ಚಿ ಹತ್ತಿ ಮುಳ್ಳು ಸರಿ ಮಾಡಿ ಇಳಿಯುವಳು. ಸಂಜೆ ಅಪ್ಪ ಹೊಲದಿಂದ ಬಂದು ಕೈಕಾಲು ತೊಳೆಯುವ ಮೊದಲು ಅದನ್ನು ಮತ್ತೆ ಹತ್ತು ನಿಮಿಷ ಮುಂದೆ ಮಾಡುವನು. ಇಬ್ಬರೂ ಒಂದು ಮಾತೂ ಆಡುತ್ತಿರಲಿಲ್ಲ, ವರ್ಷಗಟ್ಟಲೆ ಇದೇ ನಡೆಯಿತು.

ಲ್ಯಾಬಿಗೆ ಸೇರಿದ ಮೇಲೂ ಅಕ್ಕ ಬದಲಾಗಲಿಲ್ಲ. ರಕ್ತ ತೆಗೆದ ಕೂಡಲೇ ಕೈಗಡಿಯಾರ ನೋಡಿ, ಆ ನಿಮಿಷವನ್ನೇ ಬಾಟಲಿಯ ಚೀಟಿಯ ಮೇಲೆ ಪೆನ್ನಿನಲ್ಲಿ ಬರೆಯುವಳು. ಉಳಿದವರು ಆ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಬಾಟಲಿ ಯಾವಾಗಲೋ ಯಂತ್ರಕ್ಕೆ ಹೋದಾಗ ಕಂಪ್ಯೂಟರು ಹಾಕಿದ್ದೇ ಅವರ ಟೈಮು. "ರಕ್ತ ಇಟ್ಟಲ್ಲೇ ಅದರಾಗಿನ ಶುಗರ್ ಇಳೀತದ ಬೇ" ಎಂದು ಅಕ್ಕ ನನಗೆ ಹೇಳಿಕೊಟ್ಟಿದ್ದಳು. "ತೆಗೆದ ಟೈಮ್ ಖರೆ ಟೈಮ್. ಉಳದದ್ದೆಲ್ಲಾ ದಾರ್ಯಾಗಿನ ಟೈಮ್."

ಇದೇ ಹಟದಿಂದ ಆಕೆ ಮ್ಯಾನೇಜರನ ಕಣ್ಣಿಗೆ ಬಿದ್ದದ್ದು. ಒಮ್ಮೆ ಯಾರದೋ ಉಪವಾಸದ ಸ್ಯಾಂಪಲ್ಲು ಆತನ ಅಲಕ್ಷ್ಯದಿಂದ ಮೂರು ತಾಸು ಕೌಂಟರಿನ ಮೇಲೆ ಬಿಸಿಲಿಗೆ ಬಿದ್ದಿತ್ತು. ಚೀಟಿ ಬದಲಿಸಿ ಈಗಿನ ಟೈಮ್ ಬರೆ ಅಂದ. ಅಕ್ಕ ಬರೆಯಲಿಲ್ಲ, ಆ ರೋಗಿಯನ್ನು ಮತ್ತೆ ಕರೆಸಿ ಕ್ಷಮೆ ಕೇಳಿ ಇನ್ನೊಮ್ಮೆ ರಕ್ತ ತೆಗೆದಳು. ಆ ರೋಗಿ ಮ್ಯಾನೇಜರನಿಗೆ ನಾಲ್ಕು ಮಾತು ಆಡಿ ಹೋದ. ಆತ ಅದನ್ನು ಮರೆಯಲಿಲ್ಲ. ಮರೆಯದೆ ಇರುವುದರಲ್ಲಿ ಆತ ನನ್ನ ಜೋಡಿ.

ನಾಲ್ಕು ತಿಂಗಳ ಹಿಂದೆ ಮೂರೂ ಶಾಖೆಗಳಿಗೆ ಬೆರಳಿಟ್ಟು ಹಾಜರಿ ಹಾಕುವ ಯಂತ್ರ ಬಂದಿತ್ತು. ಬೆರಳಿಟ್ಟರೆ ಹಸಿರು ದೀಪ ಮಿಣುಕುತ್ತದೆ, ಟೈಮು ಕಾಣುವುದಿಲ್ಲ. ಅದು ಶಾಖೆಯ ಸರ್ವರಿಗೆ, ಅಂದರೆ ಒಳಗಿನ ಕೋಣೆಯಲ್ಲಿ ಹಗಲೂ ರಾತ್ರಿ ಓಡುವ ದೊಡ್ಡ ಕಂಪ್ಯೂಟರಿಗೆ, ಸುದ್ದಿ ಕೊಡುತ್ತದೆ. ಆ ಕಂಪ್ಯೂಟರಿನ ಗಡಿಯಾರ ಏನು ಹೇಳುತ್ತದೋ ಅದೇ ಬಂದ ಟೈಮು. ಆ ದಿನ ಮ್ಯಾನೇಜರ್ ನಾಲ್ಕು ತಿಂಗಳ ಹಾಜರಿ ಹಾಳೆ ಕೈಯಲ್ಲಿ ಹಿಡಿದು, ರೋಗಿಗಳು ಬೆಂಚಿನ ಮೇಲೆ ಕೂತಿರುವಾಗಲೇ, ಅಕ್ಕನನ್ನು ನಡುವೆ ನಿಲ್ಲಿಸಿದ್ದ.

"ಒಂಬತ್ತಕ್ಕ ಡ್ಯೂಟಿ. ದಿನಾ ಒಂಬತ್ತು ಐದಕ್ಕ ಬಂದೀ. ನಾಲ್ಕು ತಿಂಗಳು, ಒಂದಿನಾನೂ ಬಿಟ್ಟಿಲ್ಲ."

"ಇಲ್ರಿ ಸಾಹೇಬ್ರ, ಕೊಳಕೂರ ಬಸ್ ಇಳದು ಐದು ಕಮ್ಮಿ ಒಂಬತ್ತಕ್ಕ ಒಳಗ ಬರ್ತೇನಿ."

"ಹಂಗಾದ್ರ ಮಷೀನ್ ಸುಳ್ಳು ಹೇಳಾಕತ್ತದೇನ್? ಇದು ನೋಡು, ನಿನ್ನ ಕೈಲೇ ಬರದ ಚೀಟಿ. ಮೊದಲನೇ ರಕ್ತ ತೆಗೆದದ್ದು ಒಂಬತ್ತು ಒಂದಕ್ಕ. ಒಳಗ ಬಂದದ್ದು ಒಂಬತ್ತು ಐದಕ್ಕ. ಬರೂಕಿಂತ ಮೊದಲ ರಕ್ತ ತೆಗದೀ? ರಸ್ತಾದಾಗ ನಿಂತು ತೆಗದೀ?"

ಬೆಂಚಿನ ಮೇಲಿದ್ದವರು ನಕ್ಕರಂತೆ. ಅಕ್ಕ ಕೈಗಡಿಯಾರ ತೋರಿಸಿದಳು. ಆತ, "ಸುಳ್ಳುಬುರುಕಿ, ನಿಮ್ಮ ಮಂದಿಗೆ ಟೈಮಿಂದು ಏನ್ ಕದರ್?" ಅಂದ. ನಿಮ್ಮ ಮಂದಿ ಅಂದರೆ ಯಾರು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ನಮ್ಮಪ್ಪ ಮಂದಿಯ ಹೊಲದಲ್ಲಿ ದುಡಿದು ನಮ್ಮನ್ನು ಓದಿಸಿದವನು, ನಮ್ಮದು ವಿಹಾರಕ್ಕೆ ಹೋಗಿ ಬುದ್ಧವಂದನೆ ಹೇಳುವ ಮನೆ. ಸೂರ್ಯ ಹುಟ್ಟುವ ಮೊದಲು ಹೊಲದಲ್ಲಿರಬೇಕಾದವನಿಗೆ ಟೈಮಿನ ಬೆಲೆ ಗೊತ್ತಿಲ್ಲವೆಂದು, ಹತ್ತು ಗಂಟೆಗೆ ಸ್ಕೂಟರಿನಲ್ಲಿ ಬರುವ ಈತ ಹೇಳಿದ.

ಸಣ್ಣ ವಿಷಯವಾಗಿ ಮುಗಿಯುವಂಥದ್ದಲ್ಲ ಇದು. ಸ್ಯಾಂಪಲ್ಲಿನ ಟೈಮು ಸುಳ್ಳು ಬರೆಯುತ್ತಾಳೆ ಎಂದು ಆತ ಡಾಕ್ಟರಿಗೆ ಕಾಗದ ಬರೆದಿದ್ದ. ಮುಂದಿನ ಗುರುವಾರ ಅಫಜಲಪುರದಲ್ಲಿ ತಿಂಗಳ ಮೀಟಿಂಗು, ಅಲ್ಲೇ ತೀರ್ಮಾನ. ಆ ಮಾತು ದಾಖಲೆಯಾದರೆ ಅಕ್ಕನಿಗೆ ಈ ಕೆಲಸ ಹೋಗುವುದಷ್ಟೇ ಅಲ್ಲ, ಇಡೀ ಜಿಲ್ಲೆಯಲ್ಲಿ ಯಾವ ಲ್ಯಾಬೂ ಆಕೆಯ ಕೈಗೆ ಸಿರಿಂಜು ಕೊಡುವುದಿಲ್ಲ. ಫೋನಿನಲ್ಲಿ ಅಕ್ಕ ಅಳಲಿಲ್ಲ. "ನಾನೇ ತಪ್ಪು ನೋಡಿರಬೇಕೇನ್ ಬೇ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನ ಮೈ ಉರಿದುಹೋಯಿತು. ಕುರ್ಚಿ ಹತ್ತಿ ಮುಳ್ಳು ಸರಿ ಮಾಡುತ್ತಿದ್ದವಳ ಬಾಯಲ್ಲಿ ಈ ಮಾತು ಬರುವಂತೆ ಮಾಡಿದ್ದನಲ್ಲ ಆತ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆ. ನನ್ನ ಕೈಯಲ್ಲಿ ಆತನಿಗೆ ಗೊತ್ತಿಲ್ಲದ ಒಂದು ಸಾಕ್ಷಿ ಇತ್ತು. ಜೇವರ್ಗಿಯ ರಿಪೋರ್ಟು ತಡವಾಗುತ್ತದೆಂಬ ದೂರು ಬಂದಾಗ, ತಪ್ಪು ಲೈನಿನದೋ ನಮ್ಮದೋ ತಿಳಿಯಲೆಂದು ಮೂರು ವಾರದ ಹಿಂದೆ ಆಳಂದ ಮತ್ತು ಜೇವರ್ಗಿಯ ಸರ್ವರುಗಳ ನಡುವೆ ಓಡಾಡುವ ಪ್ಯಾಕೆಟುಗಳನ್ನೆಲ್ಲ ದಾಖಲೆ ಮಾಡಲು ಹಚ್ಚಿದ್ದೆ. ಪ್ಯಾಕೆಟ್ ಅಂದರೆ ಲೈನಿನಲ್ಲಿ ಹೋಗುವ ಸುದ್ದಿಯ ಒಂದೊಂದು ಸಣ್ಣ ಪೊಟ್ಟಣ. ಪ್ರತಿಯೊಂದರ ಮೇಲೂ ಅದು ಹೊರಟ ಅಥವಾ ಬಂದ ಟೈಮಿನ ಮುದ್ರೆ ಬೀಳುತ್ತದೆ, ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದಷ್ಟು ಸೂಕ್ಷ್ಮವಾಗಿ.

ಈ ಮುದ್ರೆ ಒತ್ತುವುದು ಕರ್ನಲ್. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ತಳದಲ್ಲಿ ಕೂತು, ಯಂತ್ರವನ್ನೂ ಮೇಲಿನ ಪ್ರೋಗ್ರಾಮುಗಳನ್ನೂ ನಡೆಸುವ ಭಾಗ ಅದು. ಪ್ಯಾಕೆಟ್ ಒಳಗೆ ಬಂದ ಕೂಡಲೇ, ಅದು ಯಾವ ಪ್ರೋಗ್ರಾಮಿಗೆ ಸೇರಬೇಕೆಂದು ವಿಚಾರಿಸುವ ಮೊದಲೇ, ಕರ್ನಲ್ ಬಾಗಿಲಲ್ಲೇ ಟೈಮು ಹಾಕುತ್ತದೆ. ಪ್ರೋಗ್ರಾಮೇ ಹಾಕಿಕೊಳ್ಳಲಿ ಎಂದು ಬಿಟ್ಟರೆ, ಅದು ಬೇರೆ ಕೆಲಸ ಮುಗಿಸಿ ಎದ್ದು ಬರುವತನಕ ಕಳೆದ ಹೊತ್ತೂ ಅದರಲ್ಲಿ ಸೇರಿಬಿಡುತ್ತದೆ. ಡಿಪ್ಲೊಮಾ ಓದುವಾಗ ಈ ಪಾಠ ನನಗೆ ಒಂದೇ ಸಲಕ್ಕೆ ತಲೆಗೆ ಹತ್ತಿತ್ತು. ಅಕ್ಕ ಬಾಟಲಿಯ ಚೀಟಿ ಬರೆಯುವ ರೀತಿಯೇ ಅದು.

ಇಷ್ಟು ದಿನ ಆ ದಾಖಲೆಯಲ್ಲಿ ನಾನು ಆಳಂದದ ಮುದ್ರೆಗಳನ್ನಷ್ಟೇ ನೋಡಿದ್ದೆ. ಹೊರಟ ಟೈಮು, ತಿರುಗಿ ಬಂದ ಟೈಮು, ನಡುವಿನ ಅಂತರ. ಒಂದೇ ಗಡಿಯಾರದಲ್ಲಿ ಹೋಗಿಬಂದ ಹೊತ್ತು ಅಳೆದರೆ ಆ ಗಡಿಯಾರ ತಪ್ಪಿದ್ದರೂ ಅಂತರ ಸರಿಯಾಗಿಯೇ ಬರುತ್ತದೆ. ಆ ದಿನ ಮೊದಲ ಸಲ ಎರಡೂ ಊರಿನ ದಾಖಲೆಗಳನ್ನು ಅಕ್ಕಪಕ್ಕ ಇಟ್ಟೆ.

ಬೆಳಿಗ್ಗೆ ಒಂಬತ್ತಕ್ಕೆ ಆಳಂದ ಒಂದು ಪ್ರಶ್ನೆ ಕಳಿಸಿತ್ತು. ಅದು ಜೇವರ್ಗಿಗೆ ಮುಟ್ಟಿದ್ದು ಒಂಬತ್ತು ಹತ್ತಕ್ಕೆ ಎಂದು ಜೇವರ್ಗಿಯ ಕರ್ನಲ್ ಬರೆದಿತ್ತು. ಜೇವರ್ಗಿ ಒಂಬತ್ತು ಹತ್ತಕ್ಕೇ ಉತ್ತರ ಕಳಿಸಿತ್ತು. ಆ ಉತ್ತರ ಆಳಂದಕ್ಕೆ ಬಂದದ್ದು ಒಂಬತ್ತಕ್ಕೆ, ಪ್ರಶ್ನೆ ಹೋದ ಮರುಕ್ಷಣದಲ್ಲಿ. ಅಂದರೆ ಹೊರಡುವುದಕ್ಕೆ ಹತ್ತು ನಿಮಿಷ ಮೊದಲೇ ಉತ್ತರ ಬಂದು ಮುಟ್ಟಿತ್ತು. ಒಂದಲ್ಲ ಎರಡಲ್ಲ, ಮೂರು ವಾರದ ಪ್ರತಿಯೊಂದು ಪ್ಯಾಕೆಟ್ಟೂ ಹೀಗೆಯೇ. ಆಳಂದದ ಗಡಿಯಾರವನ್ನು ಹೊರಗಿನ ಸರಿಯಾದ ಟೈಮಿಗೆ ಹೋಲಿಸಿ ನೋಡಿದೆ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಜೇವರ್ಗಿಯ ಗಡಿಯಾರವೇ ಹತ್ತು ನಿಮಿಷ ಮುಂದಿತ್ತು.

ಜೋರಾಗಿ ನಕ್ಕುಬಿಟ್ಟೆ. ಜೇವರ್ಗಿ ಲ್ಯಾಬಿನ ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದೆ, ಮಂದಿ ಜಲ್ದಿ ಬರಲೆಂದು ಮ್ಯಾನೇಜರೇ ಹಾಗೆ ಇಟ್ಟಿದ್ದಾನೆ ಎಂದು ಅಕ್ಕ ಎಷ್ಟೋ ಸಲ ಗೊಣಗಿದ್ದಳು. ಯಾರೋ ಆ ಗೋಡೆ ಗಡಿಯಾರ ನೋಡಿಕೊಂಡು ಸರ್ವರಿನ ಗಡಿಯಾರ ಇಟ್ಟಿದ್ದಾರೆ. ಮನುಷ್ಯರಾದರೆ ಮನಸ್ಸಿನಲ್ಲಿ ಹತ್ತು ಕಳೆಯುತ್ತಾರೆ, ಪಾಪ ಕರ್ನಲ್‌ಗೆ ನಮ್ಮ ಕಡೆಯ ಈ ಪದ್ಧತಿ ಏನು ಗೊತ್ತು. ಮೂರೂ ಊರಿನ ಸರ್ವರುಗಳು ಲೈನಿನ ಮೂಲಕ ಹೊರಗೆ ಟೈಮು ಕೇಳಿ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ಏರ್ಪಾಡು ಇದೆ. ಜೇವರ್ಗಿಯಲ್ಲಿ ಅದನ್ನು ಯಾರೋ ನಿಲ್ಲಿಸಿದ್ದರು. ಆ ಯಾರೋ ಯಾರೆಂದು ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಂತ್ರ ಹಾಕಿದ ದಿನವೇ ಮ್ಯಾನೇಜರ್ ಹಟ ಮಾಡಿ ಸರ್ವರಿನ ಪಾಸ್‌ವರ್ಡ್ ಇಸಿದುಕೊಂಡಿದ್ದ.

ಯಾರು, ಯಾವಾಗ ನಿಲ್ಲಿಸಿದರೆಂಬುದು ಜೇವರ್ಗಿ ಸರ್ವರಿನ ಲಾಗಿನಲ್ಲಿ, ಅಂದರೆ ಅದು ತಾನೇ ಬರೆದುಕೊಳ್ಳುವ ದಿನಚರಿಯಲ್ಲಿ, ಇದ್ದೇ ಇರುತ್ತದೆ. ಆಗಲೇ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ. ಮೀಟಿಂಗಿನಲ್ಲಿ ಎಲ್ಲರ ಎದುರಿಗೆ ತೆರೆಯಬೇಕು, ಆತನ ಹೆಸರು ಬಂದಾಗ ಆತನ ಮುಖ ಹೇಗಾಗುತ್ತದೆಂದು ನೋಡಬೇಕು. ಅಕ್ಕನನ್ನು ನಿಲ್ಲಿಸಿದ ಹಾಗೆಯೇ ಆತನನ್ನು ನಡುವೆ ನಿಲ್ಲಿಸಿ, ಬೆಂಚಿನ ಮೇಲಿನವರು ನಗಬೇಕು. ಅದಕ್ಕಿಂತ ಕಮ್ಮಿ ಯಾವುದೂ ನನಗೆ ಬೇಡವಾಗಿತ್ತು. ಎರಡು ದಿನ ರೊಟ್ಟಿ ಬಡಿಯುವಾಗ, ಬಟ್ಟೆ ಒಗೆಯುವಾಗ ಆಡಬೇಕಾದ ಮಾತುಗಳನ್ನು ಗಟ್ಟಿ ಮಾಡಿದೆ. ಅಕ್ಕನಿಗೆ, "ಗುರುವಾರ ಸುಮ್ನ ಬಾ, ನಾ ಅದೇನಿ" ಎಂದಷ್ಟೇ ಹೇಳಿದೆ.

ಗುರುವಾರ ನಾನು ವಿಹಾರಕ್ಕೆ ಹೋಗುವಾಗ ಉಡುವ ಬಿಳಿ ಸೀರೆ ಉಟ್ಟು ಅಫಜಲಪುರದ ಬಸ್ಸು ಹತ್ತಿದೆ. ಇಂಥ ಕೆಲಸಕ್ಕೆ ಆ ಸೀರೆ ಉಡಬಾರದಿತ್ತು, ಅದು ಆಮೇಲೆ ಹೊಳೆಯಿತು.

ಮೂರೂ ಶಾಖೆಯವರು ರೋಗಿಗಳು ಕಾಯುವ ಹಾಲಿನಲ್ಲಿ ಕೂತಿದ್ದರು. ಗೋಡೆಯ ಟಿವಿಗೆ ನನ್ನ ಲ್ಯಾಪ್‌ಟಾಪ್ ಜೋಡಿಸಿದೆ. ಮ್ಯಾನೇಜರ್ ಹಾಜರಿ ಹಾಳೆಗಳ ದಪ್ಪ ಫೈಲನ್ನು ಡಾಕ್ಟರ ಮೇಜಿನ ಮೇಲಿಟ್ಟು, ಗೆದ್ದವನ ಹಾಗೆ ಕಾಲು ಚಾಚಿ ಕೂತ. ಅಕ್ಕ ಕೊನೆಯ ಕುರ್ಚಿಯಲ್ಲಿದ್ದಳು. ಕೈಗಡಿಯಾರ ಕಟ್ಟಿರಲಿಲ್ಲ. ಬುದ್ಧಿ ಬಂದಾಗಿನಿಂದ ಆಕೆಯ ಬರಿ ಮಣಿಕಟ್ಟು ನೋಡಿದ್ದು ಅವತ್ತೇ.

ಎರಡೂ ಊರಿನ ಪ್ಯಾಕೆಟುಗಳನ್ನು ತೋರಿಸಿದೆ. ಡಾಕ್ಟರು ಕನ್ನಡಕ ಏರಿಸಿ ನೋಡಿದರು.

"ಅಂದ್ರ ಜವಾಬು ಹೊರಡೂಕಿಂತ ಮೊದಲ ಆಳಂದಕ್ಕ ಬಂದು ಮುಟ್ಯದ ಅಂತೀ?"

"ದಾಖಲೆ ಹಂಗ ಹೇಳ್ತದ್ರಿ ಸಾಹೇಬ್ರ."

"ಹಂಗ ಆಗೂದು ಸಾಧ್ಯ ಇಲ್ಲಲ್ಲ."

"ಸಾಧ್ಯ ಇಲ್ರಿ. ಒಳಗ ಬರೂಕಿಂತ ಮೊದಲ ರಕ್ತ ತೆಗೆಯೂದೂ ಸಾಧ್ಯ ಇಲ್ರಿ. ಎರಡಕ್ಕೂ ಕಾರಣ ಒಂದ. ಜೇವರ್ಗಿ ಸರ್ವರ್ ಹತ್ತು ನಿಮಿಷ ಮುಂದ ಅದ. ಹಾಜರ್ಯಾಗ ಹತ್ತು ಕಳೀರಿ, ನಮ್ಮಕ್ಕ ದಿನಾ ಐದು ಕಮ್ಮಿ ಒಂಬತ್ತಕ್ಕ ಬಂದಾಳ. ಚೀಟಿ ಮ್ಯಾಲ ಬರದದ್ದು ಒಂದೂ ಸುಳ್ಳಿಲ್ಲ."

ಡಾಕ್ಟರು ಒಂದು ಹಾಳೆ ತೆಗೆದು, ಪೆನ್ನು ಹಿಡಿದು ನಾಲ್ಕಾರು ದಿನದ್ದು ತಾವೇ ಕಳೆದು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ನಿಂದು ಬರೋಬ್ಬರಿ ಅದ ನೋಡವ್ವ" ಅಂದರು. ಅಕ್ಕ ತಲೆ ಎತ್ತಿದಳು.

ಕೆಲಸ ಅಲ್ಲಿಗೇ ಮುಗಿದಿತ್ತು. ಲ್ಯಾಪ್‌ಟಾಪ್ ಮುಚ್ಚಿ ಅಕ್ಕನನ್ನು ಕರೆದುಕೊಂಡು ಚಹಾ ಕುಡಿಯಲು ಹೋಗಬಹುದಿತ್ತು. ನನಗೆ ಅಷ್ಟು ಸಾಲಲಿಲ್ಲ. ಮ್ಯಾನೇಜರ್ ಚಾಚಿದ ಕಾಲು ಒಳಗೆಳೆದುಕೊಂಡಿದ್ದ, ಅದನ್ನು ನೋಡಿ ನನ್ನ ಹಸಿವು ಇನ್ನೂ ಹೆಚ್ಚಾಯಿತು.

"ಗಡಿಯಾರ ತಾನಾಗೇ ಹತ್ತು ನಿಮಿಷ ಮುಂದ ಹೋಗಂಗಿಲ್ರಿ ಸಾಹೇಬ್ರ" ಅಂದೆ. "ಯಾರೋ ಟೈಮ್ ಸರಿ ಮಾಡೂದು ಬಂದ್ ಮಾಡಿ, ಕೈಲೇ ಇಟ್ಟಾರ. ಯಾರು ಅಂತ ಸರ್ವರ್ ಬರಕೊಂಡಿರ್ತದ. ಎಲ್ಲಾರೂ ನೋಡ್ರಿ. ಮ್ಯಾನೇಜರ್ ಸಾಹೇಬ್ರ, ನೀವೂ ಜರಾ ಮುಂದ ಬಂದು ನೋಡ್ರಿ."

ಆತ ಎದ್ದು ಟಿವಿಯ ಹತ್ತಿರ ಬಂದು ನಿಂತ. ನಾನು ಬೇಕೆಂದದ್ದೂ ಅದನ್ನೇ. ಲಾಗಿನಲ್ಲಿ ಹುಡುಕಿದೆ. ಎರಡು ಸಾಲು ಸಿಕ್ಕವು. ಒಂದು ಟೈಮು ಸರಿಪಡಿಸುವ ಏರ್ಪಾಡನ್ನು ನಿಲ್ಲಿಸಿದ್ದು. ಇನ್ನೊಂದು ಗಡಿಯಾರವನ್ನು ಕೈಯಿಂದ ಇಟ್ಟದ್ದು. ಎರಡರ ಮುಂದೆಯೂ ಮಾಡಿದವರ ಹೆಸರಿತ್ತು. ಅದು ನನ್ನ ಹೆಸರು.

ಟಿವಿ ದೊಡ್ಡದು, ಅಕ್ಷರಗಳೂ ದೊಡ್ಡವು. ಹಿಂದೆ ಕೂತವರಿಗೂ ಕಂಡಿತು. ಮ್ಯಾನೇಜರ್ ಅದನ್ನು ಒಂದೊಂದೇ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದ, ಎರಡು ಸಲ ಓದಿದ. ಆಮೇಲೆ ನಕ್ಕ. ಅವನ ಹಿಂದೆ ಇನ್ನೂ ನಾಲ್ಕು ಜನ ನಕ್ಕರು.

ಎಲ್ಲ ಒಮ್ಮೆಲೇ ನೆನಪಿಗೆ ಬಂತು. ಯಂತ್ರ ಹಾಕಿದ ದಿನ ಜೇವರ್ಗಿಗೆ ಲೈನೇ ಬಂದಿರಲಿಲ್ಲ. ಹೊರಗೆ ಟೈಮು ಕೇಳಲು ದಾರಿಯಿಲ್ಲದೆ ಸರ್ವರು ಒದ್ದಾಡುತ್ತಿತ್ತು. ಆ ಏರ್ಪಾಡನ್ನು ನಿಲ್ಲಿಸಿ, ತಲೆ ಎತ್ತಿ ಗೋಡೆ ನೋಡಿ, ಕಂಡ ಟೈಮನ್ನು ಹೊಡೆದಿದ್ದೆ. ಲೈನು ಬಂದ ಮೇಲೆ ಮತ್ತೆ ಶುರು ಮಾಡಿದರಾಯಿತು ಅಂದುಕೊಂಡಿದ್ದೆ. ಅಷ್ಟರಲ್ಲಿ ಅದೇ ಗೋಡೆ ಗಡಿಯಾರ ನೋಡಿ ಕಲಬುರಗಿಯ ಬಸ್ಸು ತಪ್ಪುತ್ತದೆಂದು ಚೀಲ ಹಿಡಿದು ಓಡಿದ್ದೆ. ಏದುಸಿರು ಬಿಡುತ್ತ ಬಸ್ ಸ್ಟ್ಯಾಂಡಿಗೆ ಬಂದರೆ ಬಸ್ಸಿಗೆ ಇನ್ನೂ ಹತ್ತು ನಿಮಿಷವಿತ್ತು. ಗಡಿಯಾರ ಮುಂದಿದೆ ಎಂಬುದು ಅಲ್ಲೇ ನೆನಪಾಗಿ, ಮಿರ್ಚಿ ಭಜಿ ತಿನ್ನುತ್ತ ಅಕ್ಕನಿಗೆ ಫೋನ್ ಮಾಡಿ ನಕ್ಕಿದ್ದೆ. ಅಕ್ಕ ಅವತ್ತು ರಜೆ ಹಾಕಿ ಕೊಳಕೂರಿನಲ್ಲಿದ್ದಳು. "ಅದನ್ನ ಸರಿ ಮಾಡಿ ಬರಬೇಕಿತ್ತಲ್ಲ ಬೇ" ಅಂದಿದ್ದಳು. "ಗ್ವಾಡಿ ಗಡಿಯಾರ ನನ್ನ ಕೆಲಸ ಅಲ್ಲ" ಅಂದಿದ್ದೆ. ಈಗಷ್ಟೇ ಅದೇ ಗಡಿಯಾರ ನೋಡಿ ಸರ್ವರಿನ ಟೈಮು ಇಟ್ಟು ಬಂದಿದ್ದೇನೆಂಬುದು ಆ ಹತ್ತು ನಿಮಿಷದಲ್ಲಿ ನನ್ನ ತಲೆಗೆ ಬರಲಿಲ್ಲ. ಮನೆಗೆ ಬಂದ ಮೇಲೆ ಎರಡನ್ನೂ ಮರೆತೆ.

"ಸಾಹೇಬ್ರ, ಗುನ್ಹೆ ಮಾಡಿದಾಕಿನ ಫಿರ್ಯಾದಿ ಆಗ್ಯಾಳ ನೋಡ್ರಿ" ಎಂದು ಮ್ಯಾನೇಜರ್ ಶುರು ಮಾಡಿದ. "ತಂಗಿ ಟೈಮ್ ಕೆಡಸೂದು, ಅಕ್ಕ ಅದರ ಮ್ಯಾಲ ನಾಟಕ ಮಾಡೂದು. ನಾ ಏನ್ ಮಾಡ್ಲಿ, ಮಷೀನ್ ಹೇಳಿದ್ದು ನಂಬೀನಿ. ನನಗೇನ್ ಗೊತ್ತಿತ್ತು ಮಷೀನ್ ಮುಂದ ಅದ ಅಂತ?"

ನಾನು ಗಟ್ಟಿ ಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಆತನ ಹೆಸರಿಗೆ ಹೊಂದಿಸಿದ್ದವು. ಸೆರಗಿನಿಂದ ಮುಖ ಒರೆಸಿಕೊಂಡೆ. ಆಗ ಅಕ್ಕ ಎದ್ದಳು. ನನ್ನ ಕಡೆ ನೋಡಲಿಲ್ಲ. ನೇರ ಡಾಕ್ಟರ ಮೇಜಿಗೆ ಹೋಗಿ ಹಾಜರಿ ಫೈಲು ತೆಗೆದುಕೊಂಡು, ನಿಂತಲ್ಲೇ ನಿಧಾನವಾಗಿ ಹಾಳೆ ತಿರುವತೊಡಗಿದಳು. ಯಾರೂ ತಡೆಯಲಿಲ್ಲ. ರಕ್ತದ ಬಾಟಲಿಗಳನ್ನು ಸಾಲಾಗಿ ನೋಡುವ ಕಣ್ಣು ಅದು, ಅವಸರ ಮಾಡುವುದಿಲ್ಲ.

"ಸಾಹೇಬ್ರ" ಎಂದು ಮ್ಯಾನೇಜರನನ್ನೇ ಕೇಳಿದಳು, "ನಮ್ಮ ಶಾಖಾದಾಗ ಹನ್ನೊಂದು ಮಂದಿ ಅದೀವಿ. ಇದರಾಗ ಎಲ್ಲಾರೂ ದಿನಾ ತಡಾ ಬಂದಂಗ ಅದ. ಉಳದ ಹತ್ತು ಮಂದಿ ಮುಂದ ನಿಮ್ಮ ಕೈಲೇ ಮಾಫಿ ಅಂತ ಬರದೀರಿ."

"ಐದು ಹತ್ತು ನಿಮಿಷ ಯಾರರ ಹಿಡೀತಾರೇನ್? ದೊಡ್ಡ ಮನಸ್ಸು ಮಾಡಿ ಬಿಟ್ಟೀನಿ."

"ಒಂಬತ್ತು ಹತ್ತರತನಕ ಬಂದವ್ರಿಗೆಲ್ಲಾ ಮಾಫಿ ಮಾಡೀರಿ. ಒಂಬತ್ತು ಹನ್ನೊಂದಕ್ಕ ಬಂದವ್ರಿಗೆ ಅರ್ಧ ದಿನದ ರಜಾ ಹಿಡದೀರಿ. ನಾಕು ತಿಂಗಳದಾಗ ಒಂದ ಸಲಾನೂ ತಪ್ಪಿಲ್ಲ. ಬರೋಬ್ಬರಿ ಹತ್ತಾ ಯಾಕ್ರಿ?"

ಡಾಕ್ಟರು ಫೈಲು ಇಸಿದುಕೊಂಡು ನೋಡಿದರು.

"ಮಷೀನ್ ಹತ್ತು ಮುಂದ ಅದ ಅಂತ ನಿಮಗ ಮೊದಲನೇ ವಾರದಾಗ ಗೊತ್ತಾಗ್ಯದ" ಎಂದಳು ಅಕ್ಕ. ಧ್ವನಿ ಏರಿಸಲಿಲ್ಲ. "ಹತ್ತು ಮಂದಿದು ಕಳದೀರಿ. ನನ್ನದೊಬ್ಬಾಕಿದು ಕಳೀಲಿಲ್ಲ. ನಾ ಸುಳ್ಳು ಹೇಳಿಲ್ಲ ಅಂತ ಗೊತ್ತಿದ್ದೂ ಬೆಂಚಿನ ಮುಂದ ನಿಲ್ಲಿಸಿ ಸುಳ್ಳುಬುರುಕಿ ಅಂದ್ರಿ."

ಆಗ ಯಾರೂ ನಗಲಿಲ್ಲ. ಮಾಫಿ ಪಡೆದ ಹತ್ತು ಜನರೂ ನೆಲ ನೋಡುತ್ತ ಕೂತಿದ್ದರು. ಮ್ಯಾನೇಜರನ ಮುಖ ನಾನು ನೋಡಬೇಕೆಂದುಕೊಂಡ ಹಾಗೆಯೇ ಆಯಿತು, ಆದರೆ ಅದನ್ನು ಮಾಡಿದ್ದು ನಾನಲ್ಲ. ನನ್ನ ಮೂರು ವಾರದ ಪ್ಯಾಕೆಟುಗಳಿಂದ ಆಗದ್ದು ಆಕೆ ಹಾಳೆ ತಿರುವಿದ್ದರಿಂದ ಆಯಿತು. ಸತ್ಯ ಹೇಳಬೇಕೆಂದರೆ ನನಗೆ ಅದರಲ್ಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಡಾಕ್ಟರು ಅಲ್ಲೇ ಆತನನ್ನು ಹಾಜರಿಯ ಕೆಲಸದಿಂದ ತೆಗೆದರು. ಅಕ್ಕನ ಮೇಲೆ ಬರೆದ ಕಾಗದವನ್ನು ಎಲ್ಲರೆದುರು ಆತನ ಕೈಯಿಂದಲೇ ಹರಿದು ಹಾಕಿಸಿದರು, ಬೆಂಚಿನ ಮುಂದೆ ಆಡಿದ ಮಾತಿಗೆ ಬೆಂಚಿನ ಮುಂದೆಯೇ ಕ್ಷಮೆ ಕೇಳಬೇಕೆಂದರು. ಆತ ಕೇಳಿದ, ಹಲ್ಲು ಕಚ್ಚಿಕೊಂಡೇ ಕೇಳಿದ. ಎರಡು ತಿಂಗಳಲ್ಲಿ ಕೆಲಸ ಬಿಟ್ಟು ಹೋದ. ನಾನು ಇನ್ನೂ ಆತನನ್ನು ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವ ವಿಚಾರವಿಲ್ಲ. ಪಾಟಿ ಒಡೆದವಳ ಪಕ್ಕದಲ್ಲಿ ಆತನಿಗೂ ಜಾಗ ಇದೆ. ಅವರಿಬ್ಬರ ಮೇಲೆ ಇನ್ನೊಂದು ಹೆಸರಿದೆ, ಅದನ್ನು ದೊಡ್ಡ ಅಕ್ಷರದಲ್ಲಿ ಟಿವಿಯ ಮೇಲೆ ನಾನೇ ತೋರಿಸಿದ್ದೆ.

ಮೀಟಿಂಗು ಮುಗಿದ ಮೇಲೆ ಡಾಕ್ಟರು ನನ್ನನ್ನು ಉಳಿಸಿಕೊಂಡರು. ಬೈಯಲಿಲ್ಲ. ಆದ ತಪ್ಪನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡು, ಅಕ್ಕನ ಫೈಲಿನಲ್ಲಿ ಇರಲಿ, ನಾಳೆ ಯಾರೂ ಆಕೆಯ ಕಡೆ ಬೆರಳು ತೋರಿಸಬಾರದು ಅಂದರು. ಖಾಲಿಯಾದ ಹಾಲಿನಲ್ಲಿ ಕೂತು ಬರೆದೆ. ಅಕ್ಕ ಎದುರಿನ ಕುರ್ಚಿಯಲ್ಲಿ ಕೂತಿದ್ದಳು. ಜೇವರ್ಗಿ ಸರ್ವರಿನ ಗಡಿಯಾರವನ್ನು ನಾನೇ ತಪ್ಪಾಗಿ ಇಟ್ಟೆ, ಅದು ಈ ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ನನ್ನ ಗಮನಕ್ಕೆ ಬಂತು ಎಂದು ಬರೆದು ಆಕೆಗೆ ಕೊಟ್ಟೆ.

ಅಕ್ಕ ಓದಿದಳು. ನನ್ನ ಪೆನ್ನು ಇಸಿದುಕೊಂಡು ಹನ್ನೊಂದೂವರೆ ಎಂಬುದರ ಮೇಲೆ ಗೆರೆ ಎಳೆದಳು.

"ಇದು ಬಾಟಲಿ ಮಷೀನಿಗೆ ಹೋದ ಟೈಮ್" ಅಂದಳು. "ರಕ್ತ ತೆಗೆದ ಟೈಮ್ ಬರಿ."

"ಅಕ್ಕಾ, ಅವತ್ತು ನನಗ ಖರೇನ ಹೊಳೀಲಿಲ್ಲ."

"ಗಡಿಯಾರ ಮುಂದ ಅದ ಅಂತ ಅವತ್ತು ನಿನಗ ಗೊತ್ತಾಗಿತ್ತು. ಭಜಿ ತಿನಕೋತ ನನಗ ಫೋನ್ ಮಾಡಿ ನಕ್ಕೀ. ನಾ ಮರತಿಲ್ಲ."

ತನ್ನ ಫೋನು ತೆಗೆದು, ನಾಲ್ಕು ತಿಂಗಳ ಹಿಂದಿನ ಕರೆಗಳತನಕ ಬೆರಳಿನಿಂದ ಸರಿಸುತ್ತ ಹೋಗಿ, ಒಂದು ಸಾಲು ತೋರಿಸಿದಳು. ನನ್ನ ಹೆಸರು, ಆ ದಿನ, ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಮ್ಯಾನೇಜರ್ ಬೆಂಚಿನ ಮುಂದೆ ನಿಲ್ಲಿಸಿದಾಗ ಆಕೆಗೆ ಈ ಕರೆ ನೆನಪಾಗಿತ್ತೇ, ನೆನಪಾಗಿಯೂ ನನ್ನ ಹೆಸರು ಹೇಳದೆ ನಿಂತಿದ್ದಳೇ ಎಂದು ಕೇಳಬೇಕೆನಿಸಿತು. ಕೇಳುವ ಧೈರ್ಯ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದೆ. ಜೇವರ್ಗಿ ಬಸ್ ಸ್ಟ್ಯಾಂಡು, ನಾಲ್ಕು ಇಪ್ಪತ್ತು ಎಂದು ಹಾಕಿದೆ. ಅಕ್ಕ ಎರಡು ಸಲ ಓದಿದಳು, ಬ್ಯಾಗಿನಿಂದ ಕೈಗಡಿಯಾರ ತೆಗೆದು ಕಟ್ಟಿಕೊಂಡಳು, ಮತ್ತು ಸಹಿ ಮಾಡಿದ ನಿಮಿಷವನ್ನೂ ನನ್ನ ಕೈಯಿಂದ ಕೆಳಗೆ ಬರೆಸಿದಳು.